ದಿನಕ್ಕೆ ಒಂದೇ ಅಂದರೂ ಹೃದಯ ಒಪ್ಪುವುದಿಲ್ಲ

‘ಮೊದಲು ದಿನಕ್ಕೊಂದು ಪ್ಯಾಕು, ಈಗ ಊಟ ಆದಮೇಲೆ ಒಂದೇ ಒಂದು’ ಎನ್ನುವವರ ಮುಖದಲ್ಲಿ ಹರಕೆ ತೀರಿಸಿ ಬಂದವರ ನೆಮ್ಮದಿ ಇರುತ್ತದೆ. ಇಪ್ಪತ್ತು ಹೋಗಿ ಒಂದಾದರೆ ಅಪಾಯವೂ ಇಪ್ಪತ್ತರಲ್ಲೊಂದು ಪಾಲಾಗಬೇಕಲ್ಲ ಎಂಬುದು ಅವರ ಲೆಕ್ಕ. ಶ್ವಾಸಕೋಶದ ಕ್ಯಾನ್ಸರ್ ವಿಚಾರದಲ್ಲಿ ಈ ಲೆಕ್ಕ ಒಂದು ಮಟ್ಟಿಗೆ ಹೊಂದೀತು. ಹೃದಯದ ವಿಚಾರದಲ್ಲಿ ಹೊಂದುವುದಿಲ್ಲ. 141 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ವಿಶ್ಲೇಷಣೆಯೊಂದು 2018ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂತು. ದಿನಕ್ಕೆ 20 ಸೇದುವವರಿಗೆ ಹೃದ್ರೋಗದ ಅಪಾಯ ಎಷ್ಟು ಹೆಚ್ಚುತ್ತದೋ, ಅದರ ಹತ್ತಿರಹತ್ತಿರ ಅರ್ಧದಷ್ಟು ದಿನಕ್ಕೊಂದು ಸೇದುವವರಿಗೂ ಇದೆ ಎಂದಿತು ಅದು. ರಕ್ತನಾಳದ ಒಳಪದರ ಕೆರಳಲು, ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳಲು ಸ್ವಲ್ಪ ಹೊಗೆಯೇ ಸಾಕು. ತಾನು ಸೇದದಿದ್ದರೂ ಮನೆಯವರ ಹೊಗೆ ಕುಡಿಯುವ ಹೆಂಡತಿಯ ಹೃದಯಕ್ಕೂ ಕುತ್ತು ಬರುವುದು ಇದೇ ಕಾರಣಕ್ಕೆ.

ಬೀಡಿಯ ಬಗ್ಗೆ ಇನ್ನೊಂದು ಸಮಾಧಾನವಿದೆ: ಅದು ಬರೀ ಎಲೆ, ಒಳಗಿರುವ ಹೊಗೆಸೊಪ್ಪೂ ಚಿಟಿಕೆಯಷ್ಟು. ಹೊಗೆಸೊಪ್ಪು ಕಡಿಮೆ ಎಂಬುದು ನಿಜವೇ. ಆದರೆ ಸಿಗರೇಟಿನ ಕಾಗದದಲ್ಲಿ ಗಾಳಿಯಾಡುವಷ್ಟು ಬೀಡಿ ಎಲೆಯಲ್ಲಿ ಆಡುವುದಿಲ್ಲ. ಎರಡು ಕ್ಷಣ ಬೆರಳ ಸಂದಿಯಲ್ಲಿ ಹಾಗೇ ಹಿಡಿದರೆ ಆರಿಹೋಗುತ್ತದೆ. ಆರಬಾರದೆಂದು ಮೇಲಿಂದ ಮೇಲೆ ಜೋರಾಗಿ ದಮ್ಮು ಎಳೆಯಬೇಕು. ಹೀಗಾಗಿ ಟಾರು, ಕಾರ್ಬನ್ ಮಾನಾಕ್ಸೈಡ್ ಎರಡೂ ಒಳಗೆ ಧಾರಾಳವಾಗಿ ಇಳಿಯುತ್ತವೆ. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ವೈದ್ಯಕೀಯ ಓದಿದ ಸಲೀಂ ಯೂಸುಫ್ ಮುಂದಾಳತ್ವದ ‘ಇಂಟರ್‌ಹಾರ್ಟ್’ ಅಧ್ಯಯನ 52 ದೇಶಗಳಲ್ಲಿ ನಡೆಯಿತು. ಅದರ 2006ರ ವರದಿಯಲ್ಲಿ ಸಿಗರೇಟಿಗೂ ಬೀಡಿಗೂ ಹೃದಯಾಘಾತದ ಅಪಾಯ ಸುಮಾರು ಮೂರು ಪಟ್ಟು. ಹೊಗೆಸೊಪ್ಪು ಜಗಿಯುವವರಿಗೂ ಎರಡು ಪಟ್ಟು ಮೀರಿತ್ತು.

‘ಮೂವತ್ತು ವರ್ಷ ಸೇದಿದ್ದಾಯಿತು, ಸ್ಟೆಂಟೂ ಬಿತ್ತು, ಇನ್ನು ಬಿಟ್ಟೇನು ಬಂತು?’ ಇದು ಎಲ್ಲಕ್ಕಿಂತ ದುಬಾರಿ ನಂಬಿಕೆ. ಹೃದ್ರೋಗ ಬಂದ ಮೇಲೆ ಬಿಟ್ಟವರಲ್ಲಿ ಸಾವಿನ ಅಪಾಯ, ಬಿಡದವರಿಗಿಂತ 36% ಕಡಿಮೆ ಎಂದು 20 ಅಧ್ಯಯನಗಳ ವಿಶ್ಲೇಷಣೆ 2003ರಲ್ಲೇ ತೋರಿಸಿತ್ತು. ಬಿಟ್ಟ ಒಂದೆರಡು ದಿನದಲ್ಲೇ ರಕ್ತದ ಕಾರ್ಬನ್ ಮಾನಾಕ್ಸೈಡ್ ಸಹಜ ಮಟ್ಟಕ್ಕೆ ಬರುತ್ತದೆ. ವರ್ಷ ಕಳೆದರೆ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆ. ಪೂರ್ತಿ ಇಳಿಯಲು ಹತ್ತು ಹದಿನೈದು ವರ್ಷ ಬೇಕು ಎಂಬುದನ್ನೂ ಮುಚ್ಚಿಡಬೇಕಿಲ್ಲ.

ಒಮ್ಮೆಲೇ ಬಿಟ್ಟರೆ ಮೈಗೆ ಒಗ್ಗುವುದಿಲ್ಲ ಎನ್ನುವವರಿದ್ದಾರೆ. ಸಿಡುಕು, ನಿದ್ದೆಗೇಡು ಕೆಲವು ವಾರ ಕಾಡುವುದು ಹೌದು. ಬೆಳಗಿನ ಬೀಡಿಯಿಲ್ಲದೆ ಹೊಟ್ಟೆ ಹಗುರಾಗದು ಎಂಬ ದೂರೂ ಸುಳ್ಳಲ್ಲ. ಬಿಟ್ಟ ಹೊಸತರಲ್ಲಿ ಮಲಬದ್ಧತೆ ಸಾಮಾನ್ಯ, ಅದು ಸರಿಹೋಗುತ್ತದೆ. ಆದರೆ ಇವು ಹೃದಯವನ್ನು ಕೆಡಿಸುವುದಿಲ್ಲ. ಇಂಗ್ಲೆಂಡಿನಲ್ಲಿ 697 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದೇ ಸಲ ಬಿಟ್ಟವರಲ್ಲಿ 49% ಜನ ನಾಲ್ಕು ವಾರದ ನಂತರವೂ ಸೇದಿರಲಿಲ್ಲ. ಮೆಲ್ಲಮೆಲ್ಲಗೆ ಇಳಿಸಿದವರಲ್ಲಿ ಹಾಗೆ ಉಳಿದವರು 39%.

ಒಬ್ಬರೇ ಹೆಣಗಬೇಕೆಂದೂ ಇಲ್ಲ. ನಿಮ್ಹಾನ್ಸ್ ಕೂಡ ಭಾಗಿಯಾಗಿರುವ ರಾಷ್ಟ್ರೀಯ ಸಹಾಯವಾಣಿ 1800-112-356ಕ್ಕೆ ಕರೆ ಉಚಿತ. ಮೆಡಿಕಲ್ ಶಾಪಿನಲ್ಲಿ ನಿಕೋಟಿನ್ ಗಮ್ ಸಿಗುತ್ತದೆ. ಅದೂ ನಿಕೋಟಿನ್ನೇ ಅಲ್ಲವೇ ಎಂಬ ಅಳುಕು ಬೇಡ, ಹೃದಯಕ್ಕೆ ಹೆಚ್ಚಿನ ಹಾನಿ ಹೊಗೆಯದು. ಹೃದ್ರೋಗಿಗಳು ವೈದ್ಯರನ್ನು ಕೇಳಿಕೊಂಡರಾಯಿತು. ಗಮ್ ಸೋಲುವುದು ಬಹಳ ಸಲ ಅದನ್ನು ಬಬಲ್ ಗಮ್‌ನಂತೆ ಒಂದೇ ಸಮ ಅಗಿಯುವುದರಿಂದ. ಸ್ವಲ್ಪ ಅಗಿದು, ಖಾರ ಬಿಟ್ಟಕೂಡಲೇ ದವಡೆಯ ಸಂದಿಗೆ ಒತ್ತರಿಸಿಡಬೇಕು. ಕಾಫಿ ಕುಡಿದು ಕಾಲು ಗಂಟೆ ಆಗುವ ಮೊದಲೇ ಬಾಯಿಗೆ ಹಾಕಿಕೊಂಡರೆ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ.