ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಹೊಸ ಮೋಟಾರ್‌ಹೋಮಿನ ಶೌಚಾಲಯದ ಕಥೆ

ಮನೆಯನ್ನೇ ಚಕ್ರದ ಮೇಲೇರಿಸಿಕೊಂಡು ಊರೂರು ಸುತ್ತುವ ಹವ್ಯಾಸ ಅಮೆರಿಕದಲ್ಲಿ ಬಹಳ ಹಳೆಯದು. ಹಾಸಿಗೆ, ಅಡುಗೆಮನೆ, ಸ್ನಾನಗೃಹ, ಶೌಚಾಲಯ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಓಡುವ ಈ ವಾಹನಕ್ಕೆ ಅಲ್ಲಿ ಮೋಟಾರ್‌ಹೋಮ್ ಎಂದು ಹೆಸರು. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಪಟ್ಟಣ ಈ ಉದ್ಯಮದ ರಾಜಧಾನಿಯೆಂದೇ ಪ್ರಸಿದ್ಧ.

ದುಬಾರಿ ಬೆಲೆ ತೆತ್ತು ಇಂತಹ ವಾಹನ ಕೊಂಡವರಿಗೆ ಮೊದಲ ಪ್ರವಾಸದಲ್ಲೇ ಎದುರಾಗಬಹುದಾದ ತಾಪತ್ರಯವೊಂದಿದೆ. ಶೌಚಾಲಯದ ಗುಂಡಿ ಒತ್ತಿದರೆ ಸದ್ದು ಬರುತ್ತದೆ. ನೀರು ಮಾತ್ರ ತೆಳ್ಳಗೆ ಜಾರುತ್ತದೆ. ಕಮೋಡ್ ಪೂರ್ತಿ ತೊಳೆದುಹೋಗುವುದಿಲ್ಲ. ಮೂರು ನಾಲ್ಕು ಬಾರಿ ಒತ್ತಿದರೂ ಅದೇ ಪಾಡು. ಕಮೋಡೇ ಕೆಟ್ಟಿದೆ ಎಂದು ತೀರ್ಮಾನಿಸಿ ಹೊಸದನ್ನು ಕೂರಿಸಿದ ಮೇಲೂ ಹಳೆಯ ಸಮಸ್ಯೆ ಮುಂದುವರಿದರೆ ಆಶ್ಚರ್ಯವಿಲ್ಲ. ಏಕೆಂದರೆ ದೋಷ ಕಮೋಡಿನಲ್ಲಿರದೆ, ಅದಕ್ಕೆ ಬರುವ ನೀರಿನಲ್ಲೋ ವಿದ್ಯುತ್ತಿನಲ್ಲೋ ಇರಬಹುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುವುದು ಹೀಗೆ.

ಒಂದು ಗುಂಡಿ, ಎರಡು ಕೆಲಸ

ಸಾಧಾರಣ ಮೋಟಾರ್‌ಹೋಮಿನ ಶೌಚಾಲಯ ಸರಳವಾದದ್ದು. ಪೆಡಲ್ ಒತ್ತಿದರೆ ಕಮೋಡಿನ ತಳದ ಮುಚ್ಚಳ ತೆರೆದು, ಮಲಿನವೆಲ್ಲ ನೇರವಾಗಿ ಕೆಳಗಿನ ಟ್ಯಾಂಕಿಗೆ ಬೀಳುತ್ತದೆ. ಮ್ಯಾಸರೇಟರ್ ಮಾದರಿ ಹಾಗಲ್ಲ. ಇದರಲ್ಲಿ ಮಿಕ್ಸಿಯ ಬ್ಲೇಡಿನಂತೆ ತಿರುಗುವ ಅಲಗುಗಳಿದ್ದು, ಮಲವನ್ನೂ ಕಾಗದವನ್ನೂ ನುಣ್ಣಗೆ ಅರೆಯುತ್ತವೆ. ಅನಂತರ ಪಂಪು ಅದನ್ನು ಒಂದೂವರೆ ಇಂಚಿನ ಆಸುಪಾಸಿನ ಕಿರಿದಾದ ಕೊಳವೆಯ ಮೂಲಕ ಟ್ಯಾಂಕಿಗೆ ತಳ್ಳುತ್ತದೆ. ಆದ್ದರಿಂದ ಕಮೋಡ್ ಟ್ಯಾಂಕಿನ ನೆತ್ತಿಯ ಮೇಲೆಯೇ ಇರಬೇಕೆಂಬ ನಿರ್ಬಂಧವಿಲ್ಲ.

ಅಂದರೆ ಗುಂಡಿ ಒತ್ತಿದಾಗ ಎರಡು ಕೆಲಸಗಳು ನಡೆಯುತ್ತವೆ. ವಿದ್ಯುತ್ ಕವಾಟ ತೆರೆದು ನೀರು ಒಳಗೆ ಬರುತ್ತದೆ. ಮೋಟಾರು ತಿರುಗಿ ಕೊಳೆಯನ್ನು ಹೊರಗೆ ತಳ್ಳುತ್ತದೆ. ಯಾವುದು ಕುಂಟಿದರೂ ಫ್ಲಷ್ ದುರ್ಬಲವಾಯಿತೆಂದೇ ಅನ್ನಿಸುತ್ತದೆ.

ಇವೆರಡನ್ನು ಬೇರ್ಪಡಿಸಲು ಮೊದಲು ಕಣ್ಣು, ಕಿವಿಗಳೇ ಸಾಕು. ಮೋಟಾರು ಗಟ್ಟಿಯಾಗಿ ಗುಡುಗುತ್ತಿದ್ದು ನೀರು ಮಾತ್ರ ಸಣ್ಣದಾಗಿದ್ದರೆ ದೋಷ ನೀರಿನ ಕಡೆಗಿದೆ. ನೀರು ಧಾರಾಳವಾಗಿದ್ದು ಮೋಟಾರಿನ ಸದ್ದು ಮಂದವಾಗಿದ್ದರೆ ವಿದ್ಯುತ್ತಿನ ಕಡೆ ನೋಡಬೇಕು. ಮೋಟಾರು ತಿರುಗದೆ ಬರಿದೇ ಗುಂಯ್‌ಗುಟ್ಟುತ್ತಿದ್ದರೆ ಅಲಗಿಗೆ ಏನೋ ಸಿಕ್ಕಿಕೊಂಡಿರುವ ಸಾಧ್ಯತೆಯಿದೆ.

ನೀರಿನ ಪರೀಕ್ಷೆ

ಮೋಟಾರ್‌ಹೋಮಿಗೆ ನೀರು ಬರುವ ದಾರಿಗಳು ಎರಡು. ಪ್ರವಾಸಿಗರು ತಂಗುವ ಶಿಬಿರತಾಣದಲ್ಲಿ ಅಲ್ಲಿನ ನಲ್ಲಿಗೆ ಕೊಳವೆ ಜೋಡಿಸಬಹುದು. ರಸ್ತೆಯಲ್ಲಿದ್ದಾಗ ವಾಹನದ ಸ್ವಂತ ಟ್ಯಾಂಕಿನಿಂದ 12 ವೋಲ್ಟ್ ಪಂಪು ನೀರೆತ್ತುತ್ತದೆ. ಎರಡರಲ್ಲೂ ಒಮ್ಮೊಮ್ಮೆ ಫ್ಲಷ್ ಮಾಡಿ ನೋಡಿದರೆ ಅರ್ಧ ಉತ್ತರ ಸಿಕ್ಕಂತೆ.

ನಲ್ಲಿಯ ನೀರಿನಲ್ಲಿ ಸರಿಯಾಗಿದ್ದು ಪಂಪಿನಲ್ಲಿ ಮಾತ್ರ ಸೊರಗಿದರೆ ಪಂಪಿನ ಮುಂದಿರುವ ಜಾಲರಿಯನ್ನು ತೆಗೆದು ನೋಡಬೇಕು. ಇನ್ನೊಂದು ಕಾರಣ ಚಳಿಗಾಲದ್ದು. ಕೊಳವೆಗಳು ಹೆಪ್ಪುಗಟ್ಟಿ ಒಡೆಯದಿರಲೆಂದು ಅವುಗಳಲ್ಲಿ ಹಿಮನಿರೋಧಕ ದ್ರವ ತುಂಬಿಸುವ ರೂಢಿ ಅಲ್ಲಿದೆ. ಆ ದ್ರವವನ್ನು ಎಳೆದುಕೊಳ್ಳುವ ಕವಾಟವನ್ನು ಅನಂತರ ಪೂರ್ತಿ ಮುಚ್ಚದಿದ್ದರೆ ಪಂಪು ನೀರಿನ ಜತೆ ಗಾಳಿಯನ್ನೂ ಎಳೆಯುತ್ತದೆ.

ಎರಡು ದಾರಿಯಲ್ಲೂ ಶೌಚಾಲಯದ ನೀರು ಮಾತ್ರ ಸಣ್ಣದಾಗಿದ್ದು, ಅಡುಗೆಮನೆಯ ನಲ್ಲಿ ಚೆನ್ನಾಗಿದ್ದರೆ ದೋಷ ಕಮೋಡಿಗೆ ಹೋಗುವ ಕವಲಿನಲ್ಲೇ ಇದೆ. ಕವಾಟ ಅರೆ ತೆರೆದಿರಬಹುದು, ಕೊಳವೆ ಮಡಚಿಕೊಂಡಿರಬಹುದು. ಹೊಸ ವಾಹನದಲ್ಲಿ ವಿಶೇಷವಾಗಿ ಅನುಮಾನಿಸಬೇಕಾದದ್ದು ಕಮೋಡಿಗೆ ನೀರು ಸೇರುವಲ್ಲಿನ ಪುಟ್ಟ ಜಾಲರಿಯನ್ನು. ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಕೊಳವೆ ಕತ್ತರಿಸುವಾಗ ಉಳಿದ ಹೊಟ್ಟು ನೀರಿನೊಂದಿಗೆ ಹರಿದು ಬಂದು ಅಲ್ಲಿ ತಂಗುತ್ತದೆ. ನೀರು ನಿಲ್ಲಿಸಿ ಜಾಲರಿ ತೊಳೆದರೆ ಅಷ್ಟಕ್ಕೇ ಕಾಯಿಲೆ ವಾಸಿಯಾಗಬಹುದು.

ಅಳತೆ ಬೇಕೆನ್ನುವವರು ಕಮೋಡಿನ ಕೊಳವೆ ಬಿಚ್ಚಿ 1 ನಿಮಿಷ ಬಕೆಟ್ಟಿಗೆ ನೀರು ಬಿಟ್ಟು ಲೆಕ್ಕ ಹಾಕಲಿ. ತಯಾರಕರು ಕೈಪಿಡಿಯಲ್ಲಿ ಕೇಳಿರುವ ಪ್ರಮಾಣದೊಡನೆ ಅದನ್ನು ಹೋಲಿಸಬಹುದು. ಒತ್ತಡ ಹೆಚ್ಚಲಿ ಎಂದು ನಲ್ಲಿಯ ನಿಯಂತ್ರಕವನ್ನು ಕಿತ್ತುಹಾಕುವುದು ಮಾತ್ರ ತರವಲ್ಲ. ಅತಿಯಾದ ಒತ್ತಡಕ್ಕೆ ವಾಹನದೊಳಗಿನ ಜೋಡಣೆಗಳೇ ಬಿಚ್ಚಿಕೊಂಡಾವು.

ವಿದ್ಯುತ್ತಿನ ಪರೀಕ್ಷೆ

ವಿದ್ಯುತ್ತಿಗೂ ಎರಡು ದಾರಿ. ಶಿಬಿರತಾಣದ ಸಂಪರ್ಕ ಪಡೆದಾಗ ವಾಹನದ ಪರಿವರ್ತಕವು ಸುಮಾರು 13.6 ವೋಲ್ಟ್ ಒದಗಿಸುತ್ತದೆ. ಸಂಪರ್ಕ ಕಿತ್ತಾಗ ಬ್ಯಾಟರಿಯೇ ಗತಿ. ಮೊದಲನೆಯದರಲ್ಲಿ ಚುರುಕಾಗಿ, ಎರಡನೆಯದರಲ್ಲಿ ನಿಧಾನವಾಗಿ ಮೋಟಾರು ತಿರುಗಿದರೆ ಬ್ಯಾಟರಿ, ಅದರ ಟರ್ಮಿನಲ್ ಅಥವಾ ತಂತಿಯ ಮೇಲೆ ಅನುಮಾನ ಪಡಬೇಕು.

ಇಲ್ಲಿ ಫ್ಯೂಸ್ ನೋಡಿ ನಿಶ್ಚಿಂತರಾಗುವಂತಿಲ್ಲ. ಫ್ಯೂಸ್ ಹೋಗಿದ್ದರೆ ಮೋಟಾರು ತಿರುಗುವುದೇ ಇಲ್ಲ. ದುರ್ಬಲವಾಗಿ ತಿರುಗಲು ಕಾರಣ ವೋಲ್ಟೇಜ್ ಕುಸಿತ. ಬೇಸಿಗೆಯಲ್ಲಿ ಕರೆಂಟ್ ಇದ್ದೂ ಪಂಪ್‌ಸೆಟ್ ನೀರೆತ್ತದಿರುವುದನ್ನು ಕಂಡ ನಮ್ಮ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಲೆಕ್ಕ ಸರಳ. ಮೋಟಾರು 20 ಆಂಪಿಯರ್ ಎಳೆಯುತ್ತಿದೆಯೆಂದುಕೊಳ್ಳೋಣ. ತಂತಿಯಲ್ಲೋ ಸಡಿಲ ಜೋಡಣೆಯಲ್ಲೋ ಹತ್ತನೇ ಒಂದು ಓಮ್‌ನಷ್ಟು ತಡೆಯಿದ್ದರೂ 2 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. ಪೂರ್ತಿ ಚಾರ್ಜ್ ಆದ ಸೀಸ-ಆಮ್ಲ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟ್ ತೋರಿಸಿದರೂ ಮೋಟಾರಿಗೆ ತಲುಪುವುದು 10ರ ಆಸುಪಾಸು ಮಾತ್ರ. ಆದ್ದರಿಂದ ಮಲ್ಟಿಮೀಟರನ್ನು ಕಮೋಡಿನ ತಂತಿಗೇ ಹಿಡಿಯಬೇಕು. ಅದೂ ಮೋಟಾರು ತಿರುಗುತ್ತಿರುವಾಗಲೇ. ಅದೇ ಹೊತ್ತಿನಲ್ಲಿ ಬ್ಯಾಟರಿಯ ಬಳಿಯೂ ಅಳೆದು ನೋಡಿದರೆ ಸೋರಿಕೆ ದಾರಿಯಲ್ಲಿದೆಯೇ, ಮೂಲದಲ್ಲೇ ಇದೆಯೇ ಎಂಬುದು ಬಯಲಾಗುತ್ತದೆ.

ಎರಡೂ ಸರಿಯಿದ್ದರೆ ಉಳಿಯುವುದು ಹೊರಹೋಗುವ ದಾರಿ. ಟ್ಯಾಂಕ್ ತುಂಬಿದೆಯೇ, ಚಾವಣಿಗೆ ಹೋಗುವ ಗಾಳಿಕೊಳವೆ ಕಟ್ಟಿಕೊಂಡಿದೆಯೇ ನೋಡಬೇಕು. ಒದ್ದೆ ಟಿಶ್ಯೂ, ಸ್ಯಾನಿಟರಿ ಪ್ಯಾಡ್‌ಗಳು ಅಲಗಿಗೆ ಸುತ್ತಿಕೊಳ್ಳುತ್ತವೆ. ಫ್ಯೂಸ್ ತೆಗೆಯದೆ ಅಲಗಿನ ಬಳಿ ಕೈ ಹಾಕುವುದು ಅಪಾಯ. ಕಟ್ಟಿಕೊಂಡ ಕೊಳವೆಗೆ ಆಸಿಡ್ ಸುರಿಯುವುದೂ ಸಲ್ಲದು. ಒಳಗಿನ ರಬ್ಬರ್ ಭಾಗಗಳು ಹಾಳಾಗುತ್ತವೆ.

ಅಂಕಿಗಳೇ ಸಾಕ್ಷಿ

ವಾಹನ ಹೊಸದಾಗಿರುವಾಗ ಈ ಪರೀಕ್ಷೆಗಳಿಗೆ ಇನ್ನೊಂದು ಬೆಲೆಯೂ ಉಂಟು. ವಾಹನ ಕಟ್ಟುವವರು ಒಬ್ಬರು, ಕಮೋಡ್ ತಯಾರಿಸುವವರು ಮತ್ತೊಬ್ಬರು, ಮಾರುವವರು ಇನ್ನೊಬ್ಬರು. ವಾರಂಟಿಯ ಹೊಣೆ ಒಬ್ಬರಿಂದೊಬ್ಬರಿಗೆ ಜಾರುತ್ತಿರುವಷ್ಟರಲ್ಲಿ ಅವಧಿಯೇ ಮುಗಿದೀತು.

ಲಿಖಿತ ವಾರಂಟಿಗಳ ಕುರಿತು ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆಯಿದೆ. ಆದರೆ ದೋಷಪೂರಿತ ಹೊಸ ವಾಹನಗಳಿಗಾಗಿ ರಾಜ್ಯಗಳು ಮಾಡಿರುವ ಕಾನೂನು ಎಲ್ಲೆಡೆ ಒಂದೇ ತೆರನಾಗಿಲ್ಲ. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ 'ಹೊಸ ಮೋಟಾರು ವಾಹನ' ಎಂಬ ವ್ಯಾಖ್ಯೆಗೆ ಮೋಟಾರ್‌ಹೋಮಿನ ಚಾಸಿಸ್ ಹಾಗೂ ಚಾಲನಾ ಭಾಗಗಳು ಸೇರುತ್ತವೆ. ವಾಸದ ಭಾಗ ಸೇರುವುದಿಲ್ಲ. ಶೌಚಾಲಯ ಇರುವುದು ಆ ವಾಸದ ಭಾಗದಲ್ಲೇ.

ಹೀಗಾಗಿ 'ಫ್ಲಷ್ ಸರಿಯಿಲ್ಲ' ಎಂಬ ಬರಿಯ ದೂರಿಗಿಂತ 'ಬ್ಯಾಟರಿಯಲ್ಲಿ ಇಷ್ಟು ವೋಲ್ಟ್, ಕಮೋಡಿನಲ್ಲಿ ಇಷ್ಟು. ನಿಮಿಷಕ್ಕೆ ಇಷ್ಟು ಲೀಟರ್' ಎಂದು ದಿನಾಂಕಸಹಿತ ಬರೆದುಕೊಟ್ಟ ದೂರಿಗೆ ತೂಕ ಹೆಚ್ಚು. ಕಮೋಡ್ ಬಿಚ್ಚುವ ಮೊದಲು ಒಂದು ಬಕೆಟ್, ಒಂದು ಮೀಟರ್, ಅರ್ಧ ಗಂಟೆ ಬಿಡುವು ಇಷ್ಟಿದ್ದರೆ ಎತ್ತು ಯಾವುದು, ಎಮ್ಮೆ ಯಾವುದು ಎಂಬುದು ತಾನೇ ತಿಳಿದೀತು.