ಟಿಪ್ಪು ಸುಲ್ತಾನನ ಬೇಸಿಗೆ ಅರಮನೆ, ಬೆಂಗಳೂರು

ಟಿಪ್ಪು ಸುಲ್ತಾನನ ಬೇಸಿಗೆ ಅರಮನೆಯು ಬೆಂಗಳೂರಿನ ಹಳೆಯ ಕೋಟೆಯ ಆವರಣದಲ್ಲಿರುವ, ಬಹುಮಟ್ಟಿಗೆ ತೇಗದ ಮರದಿಂದ ನಿರ್ಮಿತವಾದ ಎರಡು ಅಂತಸ್ತಿನ ಕಟ್ಟಡ. ಕೃಷ್ಣರಾಜೇಂದ್ರ ಮಾರುಕಟ್ಟೆಯ ಸಮೀಪ, ಕೋಟೆ ವೆಂಕಟರಮಣಸ್ವಾಮಿ ದೇವಾಲಯದ ಪಕ್ಕದಲ್ಲಿ ಇದು ನೆಲೆಗೊಂಡಿದೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ಇದನ್ನು ರಾಷ್ಟ್ರೀಯ ಮಹತ್ವದ ಸ್ಮಾರಕವಾಗಿ ಸಂರಕ್ಷಿಸುತ್ತಿದೆ.

ಇತಿಹಾಸ

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಮಣ್ಣಿನ ಕೋಟೆಯನ್ನು ಹೈದರ್ ಅಲಿ 1761ರಲ್ಲಿ ಕಲ್ಲಿನಿಂದ ಬಲಪಡಿಸಿದನು. ಕೋಟೆಯೊಳಗೆ ಅರಮನೆಯ ನಿರ್ಮಾಣವನ್ನು 1781ರಲ್ಲಿ ಅವನೇ ಆರಂಭಿಸಿದನು. ಮಗ ಟಿಪ್ಪು ಸುಲ್ತಾನನು 1791ರಲ್ಲಿ ಅದನ್ನು ಪೂರ್ಣಗೊಳಿಸಿದನು. ಇಲ್ಲಿರುವ ಪರ್ಷಿಯನ್ ಬರಹವು ಇದನ್ನು ಸ್ವರ್ಗವೂ ಅಸೂಯೆಪಡುವ ತಾಣವೆಂದು ಹೊಗಳುತ್ತದೆ. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್‌ನ ಸೇನೆಯು ಕೋಟೆಯನ್ನು ವಶಪಡಿಸಿಕೊಂಡಿತು. 1792ರ ಶ್ರೀರಂಗಪಟ್ಟಣ ಒಪ್ಪಂದದ ಬಳಿಕ ಬೆಂಗಳೂರು ಟಿಪ್ಪುವಿಗೆ ಮರಳಿತು. 1799ರಲ್ಲಿ ಅವನು ಮಡಿದ ನಂತರ ಅರಮನೆಯು ರಾಜನಿವಾಸವಾಗಿ ಉಳಿಯಲಿಲ್ಲ.

1831ರಲ್ಲಿ ಮೈಸೂರು ಸಂಸ್ಥಾನದ ಆಡಳಿತವನ್ನು ಬ್ರಿಟಿಷರು ವಹಿಸಿಕೊಂಡರು. ಅವರ ಆಡಳಿತ ಕಚೇರಿಗಳು ಈ ಅರಮನೆಯಲ್ಲಿ ನಡೆದವು. ಹೀಗಾಗಿ ವಿಕ್ಟೋರಿಯಾ ರಾಣಿಯ ಕಾಲದ ಮೊದಲ ಮೂರು ದಶಕಗಳಲ್ಲಿ ಸಂಸ್ಥಾನದ ಸಚಿವಾಲಯವಾಗಿದ್ದುದು ಈ ಮರದ ಮನೆಯೇ. 1868ರಲ್ಲಿ ಕಚೇರಿಗಳು ಕಬ್ಬನ್ ಉದ್ಯಾನದಲ್ಲಿ ಹೊಸದಾಗಿ ಕಟ್ಟಿದ ಅಠಾರಾ ಕಚೇರಿಗೆ ಸ್ಥಳಾಂತರಗೊಂಡವು.

ವಾಸ್ತುಶಿಲ್ಪ

ಅರಮನೆಯು ಇಂಡೋ-ಇಸ್ಲಾಮಿಕ್ ಶೈಲಿಯಲ್ಲಿದೆ. ಕಲ್ಲಿನ ಜಗತಿಯ ಮೇಲೆ ಎತ್ತರವಾದ ತೇಗದ ಕಂಬಗಳ ಸಾಲುಗಳಿದ್ದು, ಪ್ರತಿ ಕಂಬವೂ ಕಲ್ಲಿನ ಪೀಠದ ಮೇಲೆ ನಿಂತಿದೆ. ಇದರಿಂದ ಮರದ ಬುಡಕ್ಕೆ ನೆಲದ ತೇವ ಹಾಗೂ ಗೆದ್ದಲು ನೇರವಾಗಿ ತಾಗುವುದಿಲ್ಲ. ಕಂಬಗಳ ನಡುವೆ ಬಹುದಳದ ಕಮಾನುಗಳಿವೆ. ಮೇಲಂತಸ್ತಿನ ಉಪ್ಪರಿಗೆಗಳಿಂದ ಟಿಪ್ಪು ದರ್ಬಾರು ನಡೆಸುತ್ತಿದ್ದನು. ಅದೇ ಅಂತಸ್ತಿನ ಮೂಲೆಗಳಲ್ಲಿರುವ ನಾಲ್ಕು ಸಣ್ಣ ಕೋಣೆಗಳು ರಾಣಿವಾಸಕ್ಕೆ ಮೀಸಲಾಗಿದ್ದವು. ಗೋಡೆಗಳ ಮೇಲಿನ ಹೂಬಳ್ಳಿಯ ಚಿತ್ತಾರಗಳು ಹಲವೆಡೆ ಮಾಸಿದ್ದರೂ ಮೂಲ ಅಲಂಕಾರದ ಸೊಗಸನ್ನು ತೋರಿಸುತ್ತವೆ.

ಮಹತ್ವ ಮತ್ತು ಸಂರಕ್ಷಣೆ

ಮರದ ಅರಮನೆಗಳ ಬಾಳಿಕೆ ಅನಿಶ್ಚಿತ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ವಾಸಸ್ಥಾನವಾಗಿದ್ದ ಲಾಲ್ ಮಹಲನ್ನು ಬ್ರಿಟಿಷರ ಕಾಲದಲ್ಲಿ ಕೆಡವಲಾಯಿತು. ಮೈಸೂರಿನಲ್ಲಿದ್ದ ಒಡೆಯರ ಹಳೆಯ ಮರದ ಅರಮನೆಯು 1897ರಲ್ಲಿ ಬೆಂಕಿಗೆ ಆಹುತಿಯಾಯಿತು. ಬೆಂಗಳೂರು ಕೋಟೆಯಲ್ಲಿಯೂ ದೆಹಲಿ ಬಾಗಿಲು ಮತ್ತು ಅದಕ್ಕೆ ಹೊಂದಿಕೊಂಡ ಅಲ್ಪಭಾಗ ಮಾತ್ರ ಉಳಿದಿದೆ. ಆ ಕಾಲದ ಮರಗೆಲಸವನ್ನು ಅರಿಯಲು ಈ ಕಟ್ಟಡ ಮತ್ತು ಶ್ರೀರಂಗಪಟ್ಟಣದ ದರಿಯಾ ದೌಲತ್ ಪ್ರಮುಖ ಆಧಾರಗಳಾಗಿವೆ. ರಾಜನಿಲ್ಲದ ದಶಕಗಳಲ್ಲಿ ಕಚೇರಿಯಾಗಿ ಬಳಕೆಯಲ್ಲಿದ್ದುದರಿಂದ ಅರಮನೆಯು ಪಾಳುಬೀಳಲಿಲ್ಲ.

ಇಂದು ಇದಕ್ಕೆ ಕಾನೂನಿನ ರಕ್ಷಣೆಯಿದೆ. ಪುರಾತನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ಪ್ರದೇಶವು ನಿಷೇಧಿತ ವಲಯ. ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯ. ಜನನಿಬಿಡವಾದ ಮಾರುಕಟ್ಟೆ ಪ್ರದೇಶದಲ್ಲಿರುವ ಈ ಕಟ್ಟಡಕ್ಕೆ ಇಂತಹ ಅಂತರವು ಅತ್ಯಗತ್ಯ. ನೆಲಅಂತಸ್ತಿನಲ್ಲಿ ಚಿಕ್ಕ ವಸ್ತುಸಂಗ್ರಹಾಲಯವಿದ್ದು, ಟಿಪ್ಪುವಿನ ಪ್ರಸಿದ್ಧ ಯಾಂತ್ರಿಕ ಹುಲಿಯ ಪ್ರತಿಕೃತಿಯನ್ನು ಅಲ್ಲಿ ಇರಿಸಲಾಗಿದೆ. ಮೂಲ ಹುಲಿಯು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.