ಚಳಿಗಾಲದಲ್ಲಿ ಟ್ರ್ಯಾಕ್ಟರಿಗೆ ಎಣ್ಣೆ ಸಾಲದೆ ಬರುವುದು

ಬಸವಕಲ್ಯಾಣ ಮತ್ತು ಹುಮನಾಬಾದ್ ಸೀಮೆಯಲ್ಲಿ ಪುಷ್ಯಮಾಸದ ಬೆಳಗ್ಗೆ ಟ್ರ್ಯಾಕ್ಟರು ಸುಲಭವಾಗಿ ಚಾಲೂ ಆಗಿ, ಕಬ್ಬಿನ ಟ್ರಾಲಿಯನ್ನು ಎಳೆಯುವಷ್ಟರಲ್ಲಿ ಬಲಗುಂದಿ ನಿಂತುಬಿಡುವುದುಂಟು. ಕಡಿದ ಕಬ್ಬು ಹೊಲದಲ್ಲಿಯೇ ಒಣಗಿ ತೂಕ ಕಳೆದುಕೊಳ್ಳುತ್ತದೆ. ಹೊಗೆ ಕಪ್ಪಾಗದೆ ಹೀಗಾಗುತ್ತಿದ್ದರೆ ಇಂಜಿನಿಗೆ ಡೀಸೆಲ್ ಸಾಲದೆ ಬರುತ್ತಿದೆಯೆಂದು ಶಂಕಿಸತಕ್ಕದ್ದು.

ಎಣ್ಣೆ ಹೆಪ್ಪುಗಟ್ಟಿತೆಂದು ಚಳಿಯನ್ನೇ ದೂರುವುದು ರೂಢಿ. ಭಾರತೀಯ ಮಾನಕದ ಪ್ರಕಾರ ನವೆಂಬರಿನಿಂದ ಫೆಬ್ರವರಿಯವರೆಗೆ ಮಾರುವ ಡೀಸೆಲ್ 6 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿಯೂ ಫಿಲ್ಟರಿನಲ್ಲಿ ಹಾಯಬೇಕು. ಉಳಿದ ತಿಂಗಳುಗಳದಕ್ಕೆ ಮಿತಿ 18 ಡಿಗ್ರಿ. ಆದುದರಿಂದ ಮೇಣಗಟ್ಟುವ ಭಯವು ಮಳೆಗಾಲದಲ್ಲಿ ಕೊಂಡು ಪೀಪಾಯಿಯಲ್ಲಿ ಕೂಡಿಟ್ಟ ಎಣ್ಣೆಗೇ ಹೆಚ್ಚು. ಅದಕ್ಕಿಂತ ಸಾಮಾನ್ಯವಾದ ಶತ್ರು ನೀರು. ಅರೆತುಂಬಿದ ಟಾಕಿಯೊಳಗಿನ ಗಾಳಿಯ ತೇವವು ರಾತ್ರಿಯಲ್ಲಿ ಹನಿಗಟ್ಟಿ ತಳ ಸೇರುತ್ತದೆ. ಸಂಜೆಯೇ ಟಾಕಿ ತುಂಬಿಡುವುದು ಮೇಲು.

ಪರೀಕ್ಷೆಯು ಟಾಕಿಯಿಂದಲೇ ಆರಂಭವಾಗಲಿ. ಮುಚ್ಚಳ ಸಡಿಲಿಸಿದೊಡನೆ ಇಂಜಿನು ಚೇತರಿಸಿಕೊಂಡರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ. ಅದನ್ನು ಶುಚಿಮಾಡಿದರೆ ಸಾಕು. ಇಲ್ಲವಾದರೆ ಫಿಲ್ಟರಿನ ತಳದ ನೀರನ್ನು ಬಸಿದು, ಫಿಲ್ಟರು ಮಲಿನವಾಗಿದ್ದರೆ ಹೊಸದನ್ನೇ ಹಾಕಬೇಕು. ಹಳೆಯದನ್ನು ತೊಳೆದು ಹಾಕುವ ಉಳಿತಾಯ ಪಂಪಿಗೆ ಮುಳುವಾದೀತು. ಅನಂತರ ಗಾಳಿ ತೆಗೆಯುವ ತಿರುಪನ್ನು ಸಡಿಲಿಸಿ, ಕೈಪಂಪನ್ನು ಒತ್ತುತ್ತ, ಗುಳ್ಳೆಯಿಲ್ಲದ ಎಣ್ಣೆ ಬಂದಾಗ ಬಿಗಿಯತಕ್ಕದ್ದು. ಗುಳ್ಳೆ ನಿಲ್ಲದಿದ್ದರೆ ನಳಿಕೆಯ ಜೋಡಣೆಯಲ್ಲೆಲ್ಲಿಯೋ ಗಾಳಿ ನುಗ್ಗುತ್ತಿದೆ.

ಮೇಣಗಟ್ಟಿದ ಫಿಲ್ಟರಿಗೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಸುತ್ತಬಹುದು. ಟಾಕಿಯ ಬಳಿ ಬೆಂಕಿ ಹಿಡಿದರೆ ಟ್ರ್ಯಾಕ್ಟರಷ್ಟೇ ಅಲ್ಲ, ಆಳೂ ಸುಟ್ಟಾನು. ಸೀಮೆಎಣ್ಣೆ ಬೆರೆಸುವುದೂ ಸಲ್ಲದು. ಪಂಪಿನ ಒಳಭಾಗಗಳನ್ನು ಸವೆಯದಂತೆ ಕಾಯುವ ಜಿಡ್ಡು ಅದರಲ್ಲಿ ಸಾಲದು.